ಕಸಿ ಹಿಡಿದ ಮೇಲೆ

ಕಸಿ ಎಂಬ ಮಾತು ನಮ್ಮ ಮನೆಗೆ ಹೊಸದಲ್ಲ. ತೋಟದ ಕಾಳುಮೆಣಸಿನ ಬಳ್ಳಿಗಳು ಸೊರಗುರೋಗಕ್ಕೆ ಸಿಕ್ಕಿ ಸಾಲುಸಾಲಾಗಿ ಒಣಗತೊಡಗಿದ ವರ್ಷ ಅಪ್ಪ ಹಿಪ್ಪಲಿಯ ಬುಡಕ್ಕೆ ಪಣಿಯೂರು ತಳಿಯ ಮೆಣಸಿನ ಕುಡಿ ಕಟ್ಟುವುದನ್ನು ಕಲಿತರು. ಅವರಿಂದ ನಾನು ಕಲಿತೆ. ಕಟ್ಟಿ ಕೆಲವು ವಾರಕ್ಕೆ ಕುಡಿಯಲ್ಲಿ ಹೊಸ ಚಿಗುರು ಕಣ್ಣು ಬಿಟ್ಟರೆ ‘ಕಸಿ ಹಿಡಿಯಿತು’ ಎನ್ನುತ್ತೇವೆ. ಆಮೇಲೆ ಪಟ್ಟಿ ಬಿಚ್ಚಿ, ತೋಟಕ್ಕೆ ಇಳಿಸಿ, ಮುಂದಿನ ಕೆಲಸ ನೋಡುತ್ತೇವೆ. ಹಾಗಾಗಿ 2023ರ ಫೆಬ್ರುವರಿ 6ರಂದು ಬೆಂಗಳೂರಿನ ಆಸ್ಪತ್ರೆಯೊಂದರ ಗಾಜಿನ ಬಾಗಿಲಿನ ಆಚೆ ನಿಂತು ವೈದ್ಯೆ ‘ನಿಮ್ಮ ಮಗಳಿಗೆ ಕಸಿ ಹಿಡಿದಿದೆ’ ಎಂದಾಗ ನಾನು ಮನಸ್ಸಿನಲ್ಲೇ ಪಟ್ಟಿ ಬಿಚ್ಚಿಬಿಟ್ಟೆ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಕ್ಯಾಂಟೀನಿನಲ್ಲಿ ಎರಡು ಪೇಡ ತಿಂದೆ.

ವೈದ್ಯೆ ಅದರ ಜೊತೆಗೆ ಇನ್ನೊಂದು ಮಾತು ಹೇಳಿದ್ದರು: ‘ಈಗ ಅರ್ಧ ದಾರಿ ಬಂದಿದ್ದೇವೆ.’ ಹೆದರಿಸಿ ಇಡುವುದು ವೈದ್ಯರ ಅಭ್ಯಾಸ ಎಂದುಕೊಂಡು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಯಿಲೆಯ ಕಥೆಯನ್ನು ಬೇಗ ಮುಗಿಸುತ್ತೇನೆ. ಮಗಳಿಗೆ ಐದು ತುಂಬಿದ ಮಳೆಗಾಲದಲ್ಲಿ ಕಾಲಿನ ಮೇಲೆ ಬಡಿದ ನೆನಪಿಲ್ಲದ ಕಡೆಗಳಲ್ಲೆಲ್ಲ ನೀಲಿ ಕಲೆಗಳು ಕಾಣಿಸಿಕೊಂಡವು, ಮೂಗಿನಿಂದ ರಕ್ತ ಸುರಿದು ನಿಲ್ಲಲಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಶಿವಮೊಗ್ಗ, ಶಿವಮೊಗ್ಗದಿಂದ ಬೆಂಗಳೂರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿ ಅಪ್ಲಾಸ್ಟಿಕ್ ಅನೀಮಿಯಾ ಎಂದರು. ರಕ್ತ ತಯಾರಾಗುವ ಮಜ್ಜೆಯೇ ಬರಿದಾಗಿದೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಲ್ಲ. ಕುದುರೆಯ ರಕ್ತಸಾರದಿಂದ ಮಾಡಿದ ಔಷಧವನ್ನೂ ಸೈಕ್ಲೋಸ್ಪೋರಿನ್ ಅನ್ನೂ ಕೊಟ್ಟು ಆರು ತಿಂಗಳು ಕಾದರು. ಪ್ರಯೋಜನವಾಗಲಿಲ್ಲ. ಒಡಹುಟ್ಟಿದವರಿದ್ದರೆ ಒಬ್ಬೊಬ್ಬರ ಮಜ್ಜೆಯೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮಗೆ ಅವಳೊಬ್ಬಳೇ. ದಾನಿಗಳ ನೋಂದಣಿಯಲ್ಲೂ ಹೊಂದುವವರು ಸಿಗಲಿಲ್ಲ. ಉಳಿದದ್ದು ಅರ್ಧ ಹೊಂದುವ ದಾನಿ, ಅಂದರೆ ನಾನು ಅಥವಾ ಅವಳ ಅಮ್ಮ. ಹೆತ್ತವರು ಮಕ್ಕಳಿಗೆ ಅರ್ಧ ಹೊಂದಿಯೇ ಹೊಂದುತ್ತಾರೆ. ಆದರೆ ಎರಡು ವರ್ಷ ರಕ್ತ ಹಾಕಿಸಿಕೊಂಡ ಮಗುವಿನ ದೇಹದಲ್ಲಿ ಅಮ್ಮನ ಕಣಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿದ್ದವು. ಅವಳ ಮಜ್ಜೆ ಕೊಟ್ಟರೆ ದೇಹ ತಿರಸ್ಕರಿಸುವ ಭಯವಿತ್ತು. ಹೆಂಡತಿ ಆ ವರದಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದಳು. ‘ನನ್ನ ಮಗಳ ರಕ್ತಕ್ಕೆ ನಾನು ಆಗುವುದಿಲ್ಲವಂತೆ’ ಎಂದಳು, ಅಷ್ಟೆ.

ಜನವರಿ 19ರಂದು ನನಗೆ ಅರಿವಳಿಕೆ ಕೊಟ್ಟು ಸೊಂಟದ ಎರಡೂ ಬದಿಯ ಮೂಳೆಯಿಂದ ಸುಮಾರು 400 ಮಿಲಿಲೀಟರ್ ಮಜ್ಜೆ ತೆಗೆದರು. ಎದ್ದಾಗ ಅಡಿಕೆ ಮರದಿಂದ ಜಾರಿ ಬಿದ್ದವನ ಹಾಗೆ ಸೊಂಟ ಹಿಡಿದಿತ್ತು. ಸಂಜೆ ಅದೇ ಮಜ್ಜೆ ಸಾಮಾನ್ಯ ರಕ್ತದ ಚೀಲದ ಹಾಗೆ ತೂಗಿ, ಮಗಳ ಎದೆಯ ಕೊಳವೆಗೆ ಹನಿಹನಿಯಾಗಿ ಇಳಿಯಿತು. ಆಸ್ಪತ್ರೆಯ ಲೆಕ್ಕದಲ್ಲಿ ಅದು ಸೊನ್ನೆಯ ದಿನ. ಅಲ್ಲಿಂದ ಮುಂದೆ ತಾರೀಖು ಯಾರೂ ಹೇಳುವುದಿಲ್ಲ, ದಿನ ಮೂರು, ದಿನ ಹದಿನೆಂಟು ಎನ್ನುತ್ತಾರೆ. ಮೂರು ಮತ್ತು ನಾಲ್ಕನೆಯ ದಿನ ಸೈಕ್ಲೋಫಾಸ್ಫಮೈಡ್ ಎಂಬ ಕಟು ಔಷಧ ಕೊಟ್ಟರು. ಪರಕೀಯವಾದದ್ದನ್ನು ಗುರುತಿಸಿ ಮೇಲೆ ಬೀಳುವ ಬಿಳಿ ಕಣಗಳಿಗೆ ಟಿ ಕಣಗಳೆನ್ನುತ್ತಾರೆ; ನನ್ನ ಮಜ್ಜೆಯ ಜೊತೆ ಹೋದ ಟಿ ಕಣಗಳಲ್ಲಿ ಯಾವುವು ಮಗಳ ದೇಹವನ್ನು ಪರಕೀಯವೆಂದು ಕಂಡು ಕೆರಳುತ್ತವೋ ಅವನ್ನು ಕೊಲ್ಲುವುದು ಇದರ ಉದ್ದೇಶ. ಅರ್ಧ ಹೊಂದುವವರ ಕಸಿ ಇವತ್ತು ಸಾಧ್ಯವಾಗಿರುವುದಕ್ಕೆ ಈ ಉಪಾಯ ದೊಡ್ಡ ಕಾರಣ. ಹದಿನೆಂಟನೆಯ ದಿನದ ಹೊತ್ತಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಸತತ ಮೂರು ದಿನ 500 ದಾಟಿದ್ದವು. ಅದೇ ನಾನು ಪೇಡ ತಿಂದ ದಿನ.

ಅಲ್ಲಿಯವರೆಗೆ ನನ್ನ ಶತ್ರು ಯಾವುದೆಂದು ನನಗೆ ಸ್ಪಷ್ಟವಿತ್ತು: ಹೊರಗಿನ ಕೊಳೆ. ಸೋಸಿದ ಗಾಳಿಯ ಕೋಣೆ, ಎರಡು ಬಾಗಿಲು, ಟೋಪಿ, ಮಾಸ್ಕ್, ನಿಲುವಂಗಿ. ಕೈ ತೊಳೆದು ತೊಳೆದು ನನ್ನ ಬೆರಳ ಸಂದಿಗಳು ಬಿರಿದಿದ್ದವು. ಕುಕ್ಕರಿನಲ್ಲಿ ಬೆಂದ ಅನ್ನ ಕುಕ್ಕರಿನಲ್ಲೇ ಬರಬೇಕು, ಮುಚ್ಚಳ ತೆಗೆದ ಕೂಡಲೇ ತಿನ್ನಿಸಬೇಕು. ಅವಳ ಪೆನ್ಸಿಲುಗಳನ್ನು ಒಂದೊಂದಾಗಿ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದೆ. ಮಣ್ಣಿನಲ್ಲಿ ಬದುಕುವ ಮನುಷ್ಯ ಉಗುರಿನೊಳಗಿನ ಮಣ್ಣಿಗೆ ಹೆದರುವಂತಾಗಿದ್ದೆ.

ಪ್ರತಿ ಸೋಮವಾರ ವೈರಸ್ಸಿನ ಪರೀಕ್ಷೆಗೆಂದು ಬೇರೆ ರಕ್ತ ತೆಗೆಯುತ್ತಿದ್ದರು. ಪಿಸಿಆರ್ ಎಂಬ ಮಾತು ಕೋವಿಡ್ ಕಾಲದಿಂದ ಎಲ್ಲರಿಗೂ ಗೊತ್ತು. ಇಲ್ಲಿ ಮೂಗಿನ ಬದಲು ರಕ್ತ, ಹೌದು–ಇಲ್ಲ ಎಂಬ ಉತ್ತರದ ಬದಲು ಒಂದು ಸಂಖ್ಯೆ. ಹುಡುಕುತ್ತಿದ್ದದ್ದು ಸೈಟೊಮೆಗಲೊವೈರಸ್ ಎಂಬುದನ್ನು, ಎಲ್ಲರ ಬಾಯಲ್ಲಿ ಸಿಎಂವಿ. ಮೊದಲ ವಾರಗಳಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂತು. ಶಿವರಾತ್ರಿ ಕಳೆದ ಸೋಮವಾರ, ಮೂವತ್ತೆರಡನೆಯ ದಿನ, ಮಿಲಿಲೀಟರಿಗೆ 640 ಎಂದು ಬಂತು. ಆ ಆಸ್ಪತ್ರೆಯಲ್ಲಿ ಸಾವಿರ ದಾಟಿದರೆ ಔಷಧ ಶುರು. ಮುಂದಿನ ಸೋಮವಾರ 7,400.

ನಾನು ವೈದ್ಯೆಯನ್ನು ಅಡ್ಡಗಟ್ಟಿದೆ. ಜಗಳದ ದನಿಯಲ್ಲೇ ಕೇಳಿದೆನೆಂದು ಈಗ ನೆನಪಾಗುತ್ತದೆ. ‘ಮೇಡಂ, ಇಷ್ಟು ಜಾಗ್ರತೆ ಮಾಡಿದ್ದೇವೆ. ಎಲ್ಲಿಂದ ಬಂತು ಇದು? ಯಾರು ತಂದರು?’

‘ಯಾರೂ ತರಲಿಲ್ಲ. ಅವಳೊಳಗೇ ಇತ್ತು.’

ಅವರು ನಿಂತುಕೊಂಡೇ ವಿವರಿಸಿದರು. ಸಿಎಂವಿ ಹರ್ಪಿಸ್ ಬಳಗದ ವೈರಸ್ಸು. ನಮ್ಮ ದೇಶದಲ್ಲಿ ದೊಡ್ಡವರಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರ ಮೈಯನ್ನೂ ಹೊಕ್ಕಿರುತ್ತದೆ. ಬಹಳ ಮಕ್ಕಳಿಗೆ ಹಾಲು ಕುಡಿಯುವ ವಯಸ್ಸಿನಲ್ಲೇ ಬಂದಿರುತ್ತದೆ. ಒಂದು ಸಣ್ಣ ಜ್ವರ ಬಂದು ಹೋಗಿರಬಹುದು, ಅದೂ ಇಲ್ಲದಿರಬಹುದು. ಆಮೇಲೆ ಅದು ದೇಹ ಬಿಟ್ಟು ಹೋಗುವುದಿಲ್ಲ. ಟಿ ಕಣಗಳು ಅದನ್ನು ಗುರುತಿಟ್ಟುಕೊಂಡು ಜೀವಮಾನವಿಡೀ ಕಾವಲಿರುತ್ತವೆ, ಅದು ಮಲಗಿರುತ್ತದೆ. ‘ನಾವು ಹಳೆಯ ಕಾವಲುಗಾರರನ್ನೆಲ್ಲ ತೆಗೆದುಬಿಟ್ಟೆವು. ಈಗ ಹೊಸಬರು ಬಂದಿದ್ದಾರೆ, ಲೆಕ್ಕದಲ್ಲಿ ಸರಿಯಾಗಿದ್ದಾರೆ. ಆದರೆ ಊರಿನ ಕಳ್ಳ ಯಾರೆಂದು ಅವರಿಗೆ ಇನ್ನೂ ಗೊತ್ತಿಲ್ಲ.’

ಹೆಂಡತಿ ನನ್ನ ಹಿಂದೆ ನಿಂತಿದ್ದಳು. ಅವಳು ಹಿಡಿದದ್ದು ಬೇರೆಯೇ ಎಳೆ. ‘ಹಾಲಿನಲ್ಲಿ ಬರುತ್ತದೆಯೇ, ಮೇಡಂ?’ ಎಂದಳು.

‘ಬರಬಹುದು. ಎಂಜಲಿನಲ್ಲೂ ಬರಬಹುದು, ಬೇರೆ ಮಕ್ಕಳ ಮೂತ್ರ, ಆಟಿಕೆ, ಯಾವುದರಿಂದಲೂ ಬರಬಹುದು. ಅದಕ್ಕೇನೂ—’

ಅಷ್ಟರಲ್ಲಿ ಯಾರೋ ಅವರನ್ನು ಕರೆದರು. ಅರ್ಧ ಮಾತು ಹಾಗೇ ಉಳಿಯಿತು. ಆ ರಾತ್ರಿ ಹೆಂಡತಿ ಊಟ ಮಾಡಲಿಲ್ಲ. ಮೊದಲು ರಕ್ತ ಹೊಂದುವುದಿಲ್ಲ ಎಂದರು, ಈಗ ಹಾಲಿನ ಮೇಲೂ ಬಂತು. ಎರಡು ದಿನ ಬಿಟ್ಟು ವೈದ್ಯೆ ತಾವಾಗಿಯೇ ಬಂದು ಅವಳ ಪಕ್ಕ ಕೂತರು. ಮಗಳ ರಕ್ತದಲ್ಲಿ, ನನ್ನ ರಕ್ತದಲ್ಲಿ, ಅವಳ ರಕ್ತದಲ್ಲಿ ಕಸಿಗೆ ಮೊದಲೇ ಮಾಡಿದ ಪರೀಕ್ಷೆಯ ಹಾಳೆಯನ್ನು ತೋರಿಸಿದರು: ಮೂವರಿಗೂ ಹಳೆಯ ಸಿಎಂವಿಯ ಗುರುತಿತ್ತು. ‘ನನ್ನದನ್ನು ನೋಡಿದರೂ ಹೀಗೇ ಬರುತ್ತದೆ. ನನ್ನ ಮಕ್ಕಳಿಗೂ ನಾನು ಹಾಲು ಕುಡಿಸಿದ್ದೇನೆ’ ಎಂದರು. ಹೆಂಡತಿಯ ಮುಖ ಸ್ವಲ್ಪ ಸಡಿಲವಾಯಿತು. ವೈದ್ಯರು ಬರೆದುಕೊಡುವ ಔಷಧಗಳಲ್ಲಿ ಇದೂ ಒಂದೆಂದು ನನಗೆ ಅನ್ನಿಸಿತು. ಬಿಲ್ಲಿನಲ್ಲಿ ಮಾತ್ರ ಬರುವುದಿಲ್ಲ.

ಗ್ಯಾನ್‌ಸೈಕ್ಲೊವಿರ್ ಎಂಬ ಔಷಧವನ್ನು ದಿನಕ್ಕೆ ಎರಡು ಸಲ, ಒಂದೊಂದು ಗಂಟೆ ರಕ್ತನಾಳಕ್ಕೆ ಇಳಿಸಿದರು. ಒಂದು ವಾರದ ಮೇಲೆ ಬಂದ ಸಂಖ್ಯೆ 11,000. ಔಷಧ ಕೊಟ್ಟ ಮೇಲೂ ಏರಿದೆ! ನನ್ನ ಕೈಕಾಲು ತಣ್ಣಗಾದವು. ಮೊದಲ ವಾರ, ಕೆಲವೊಮ್ಮೆ ಎರಡನೆಯ ವಾರವೂ ಹೀಗೆ ಏರುವುದುಂಟು, ಅದರಿಂದಲೇ ಔಷಧ ಸೋತಿತೆಂದು ತಿಳಿಯಬಾರದು ಎಂದು ಸಿಸ್ಟರ್ ಒಬ್ಬರು ಸಮಾಧಾನ ಹೇಳಿದರು. ಕೇರಳದವರು, ಅಲ್ಲಿ ಹನ್ನೆರಡು ವರ್ಷದಿಂದ ಇದ್ದವರು. ಮುಂದಿನ ವಾರ 3,900ಕ್ಕೆ ಇಳಿಯಿತು.

ಇಳಿದದ್ದಕ್ಕೆ ಖುಷಿಪಡುವಷ್ಟು ಪುರುಸೊತ್ತು ಸಿಗಲಿಲ್ಲ. ಆ ಔಷಧಕ್ಕೆ ಒಂದು ಕೆಟ್ಟ ಗುಣವಿದೆ. ವೈರಸ್ಸಿನ ಜೊತೆಗೆ ಎಳೆಯ ಮಜ್ಜೆಯನ್ನೂ ಹಿಂಡುತ್ತದೆ. 2,100 ಇದ್ದ ನ್ಯೂಟ್ರೋಫಿಲ್ ಎರಡು ವಾರದಲ್ಲಿ 430ಕ್ಕೆ ಬಂತು. ಅಷ್ಟು ಕಷ್ಟಪಟ್ಟು ಹಿಡಿಸಿದ ಕಸಿ! ಕಳೆ ತೆಗೆಯಲು ಹೋದವನು ಸಸಿಯ ಬೇರನ್ನೇ ಅಲುಗಿಸಿದ ಹಾಗೆ. ಮಜ್ಜೆಗೆ ಉತ್ತೇಜನ ಕೊಡುವ ಚುಚ್ಚುಮದ್ದನ್ನು ಜೊತೆಗೆ ಶುರು ಮಾಡಿದರು. ಇನ್ನೂ ಇಳಿದರೆ ಫಾಸ್ಕಾರ್ನೆಟ್ ಎಂಬ ಬೇರೆ ಔಷಧಕ್ಕೆ ಹೋಗಬೇಕಾಗುತ್ತದೆ, ಅದು ಮಜ್ಜೆಯನ್ನು ಬಿಟ್ಟು ಮೂತ್ರಪಿಂಡವನ್ನು ಹಿಡಿಯುತ್ತದೆ ಎಂದರು. ಅವಳ ಮೂತ್ರಪಿಂಡಕ್ಕೆ ಇನ್ನೊಂದು ಹೊರೆ ಹೊರಿಸುವ ಹಾಗಿರಲಿಲ್ಲ. ಏಕೆಂದರೆ ಅಷ್ಟರಲ್ಲಿ ಎರಡನೆಯವನು ಎದ್ದಿದ್ದ.

ಫೆಬ್ರುವರಿ 25ರ ಬೆಳಗ್ಗೆ ಮಗಳು ‘ಅಪ್ಪ, ಉರಿಯುತ್ತಿದೆ’ ಎಂದಳು. ಮಧ್ಯಾಹ್ನದ ಹೊತ್ತಿಗೆ ಮೂತ್ರ ನಸುಗೆಂಪಾಗಿತ್ತು, ಸಂಜೆಗೆ ಪುನರ್ಪುಳಿ ಪಾನಕದ ಬಣ್ಣ. ಮರುದಿನ ಅದರಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕುಗಳು. ಸೈಕ್ಲೋಫಾಸ್ಫಮೈಡ್ ಕೂಡ ಮೂತ್ರಕೋಶದಲ್ಲಿ ರಕ್ತ ಬರಿಸಬಲ್ಲದು. ಹಾಗಾಗದಿರಲಿ ಎಂದು ಅದರ ಜೊತೆ ಮೆಸ್ನಾ ಎಂಬ ಔಷಧವನ್ನೂ ಬಾಟಲಿಗಟ್ಟಲೆ ಸಲೈನನ್ನೂ ಕೊಟ್ಟಿದ್ದರು. ಆದರೆ ಔಷಧದಿಂದ ಆಗುವುದಾದರೆ ಮೊದಲ ದಿನಗಳಲ್ಲೇ ಆಗುತ್ತದೆ. ಒಂದು ತಿಂಗಳು ಕಳೆದು ಆದರೆ ಮೊದಲ ಅನುಮಾನ ಬಿಕೆ ವೈರಸ್ಸಿನ ಮೇಲೆ. ಮೂತ್ರದ ಪರೀಕ್ಷೆಯಲ್ಲಿ ಬಂದ ಸಂಖ್ಯೆಗೆ ಸೊನ್ನೆಗಳೇ ಸೊನ್ನೆಗಳು, ಕೋಟಿಗಳಲ್ಲಿತ್ತು.

ಬಿಕೆ ಎಂದರೇನೆಂದು ಕೇಳಿದ್ದಕ್ಕೆ ಕಿರಿಯ ವೈದ್ಯರೊಬ್ಬರು, ಅದು ಒಬ್ಬ ರೋಗಿಯ ಹೆಸರಿನ ಮೊದಲಕ್ಷರಗಳು ಎಂದರು. 1971ರಲ್ಲಿ ಲಂಡನ್ನಿನಲ್ಲಿ, ಮೂತ್ರಪಿಂಡದ ಕಸಿಯಾದವನೊಬ್ಬನ ಮೂತ್ರದಲ್ಲಿ ಮೊದಲು ಕಂಡದ್ದಂತೆ. ಆ ಮನುಷ್ಯನ ಬಗ್ಗೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಹೆಸರಿನ ಎರಡಕ್ಷರ ಬಿಟ್ಟು ಮತ್ತೇನೂ ಉಳಿದಿಲ್ಲ, ಉಳಿದದ್ದೂ ಒಂದು ವೈರಸ್ಸಿನ ಮೇಲೆ. ಇದೂ ಸಿಎಂವಿಯ ಹಾಗೆಯೇ, ಬಾಲ್ಯದಲ್ಲಿ ಸದ್ದಿಲ್ಲದೆ ಬಂದು ಮೂತ್ರಪಿಂಡದಲ್ಲಿ, ಮೂತ್ರನಾಳದ ಒಳಪೊರೆಯಲ್ಲಿ ಮಲಗಿರುವ ವೈರಸ್ಸು. ವ್ಯತ್ಯಾಸವೆಂದರೆ ಸಿಎಂವಿಗೆ ನೆಚ್ಚಿಕೊಳ್ಳುವ ಔಷಧವಿದೆ, ಇದಕ್ಕೆ ಅಂಥದ್ದಿಲ್ಲ.

ಮಾಡುವುದೇನಿದ್ದರೂ ತೊಳೆಯುವುದು. ಮೂರು ಬಾಯಿಯ ಕೊಳವೆ ಹಾಕಿ, ಒಂದರಿಂದ ಸಲೈನ್ ಒಳಗೆ ಬಿಟ್ಟು ಇನ್ನೊಂದರಿಂದ ಹೊರಗೆ ಬಿಡುತ್ತ, ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟದಂತೆ ಹಗಲೂ ರಾತ್ರಿ ತೊಳೆಯುತ್ತಲೇ ಇರಬೇಕು. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿಯದಂತೆ ಚೀಲದ ಮೇಲೆ ಚೀಲ. ಅವನ್ನೂ ವಿಕಿರಣ ಹಾಯಿಸಿ, ಬಿಳಿ ಕಣ ಸೋಸಿಯೇ ಕೊಡಬೇಕು. ಊರಿನ ಹುಡುಗರು ರಾತ್ರಿ ಬಸ್ಸಿನಲ್ಲಿ ಬಂದು ಬೆಳಗ್ಗೆ ಪ್ಲೇಟ್‌ಲೆಟ್ ಕೊಟ್ಟು ಮತ್ತೆ ಬಸ್ಸು ಹತ್ತುತ್ತಿದ್ದರು. ಅವರಲ್ಲಿ ಇಬ್ಬರ ಜೊತೆ ನನಗೆ ಬೇಲಿಯ ಜಗಳವಿತ್ತು.

ಕೊಳವೆ ಒಂಬತ್ತು ದಿನ ಇತ್ತು. ಅದಿದ್ದರೂ ಮೂತ್ರಕೋಶ ಹಿಂಡಿಕೊಂಡಾಗ ಅವಳು ಹಾಸಿಗೆಯ ಕಂಬಿ ಹಿಡಿದು ನೆಟ್ಟಗಾಗುತ್ತಿದ್ದಳು. ಹತ್ತು ಹದಿನೈದು ನಿಮಿಷಕ್ಕೊಮ್ಮೆ. ಮಾರ್ಫಿನ್ ಕೊಟ್ಟರೂ ನೋವು ಪೂರ್ತಿ ಹೋಗುತ್ತಿರಲಿಲ್ಲ, ಸ್ವಲ್ಪ ದೂರ ಸರಿದು ನಿಲ್ಲುತ್ತಿತ್ತು. ನೋವು ಬಂದಾಗ ನಾವಿಬ್ಬರೂ ನಮ್ಮ ತೋಟದ ಮರ ಎಣಿಸುವುದೆಂದು ಒಪ್ಪಂದ ಮಾಡಿಕೊಂಡೆವು. ಮನೆಯ ಹಿಂದಿನ ಮೊದಲ ಸಾಲಿನಿಂದ ಶುರು: ಒಂದು, ಎರಡು, ಬಾವಿಯ ಪಕ್ಕದ್ದು ಮೂರು, ಸೊಟ್ಟ ಮರ ನಾಲ್ಕು. ನಲವತ್ತಕ್ಕೆ ಬರುವಷ್ಟರಲ್ಲಿ ಹೆಚ್ಚಾಗಿ ನೋವು ಬಿಡುತ್ತಿತ್ತು. ಒಂದು ರಾತ್ರಿ ಮುನ್ನೂರ ಹನ್ನೆರಡರವರೆಗೆ ಹೋದೆವು. ಅಷ್ಟು ಮರ ನಮ್ಮ ಆ ಭಾಗದಲ್ಲಿ ಇಲ್ಲ. ಪಕ್ಕದವರ ತೋಟಕ್ಕೆ ದಾಟಿದ್ದೆವು.

ಆ ದಿನಗಳಲ್ಲೇ ನಾಲ್ಕನೆಯ ಕೋಣೆಯ ಹುಡುಗ ಹೋದ. ದೂರದ ರಾಜ್ಯದವರು. ಅವನಿಗೂ ನಮ್ಮ ಹಾಗೆಯೇ ಅರ್ಧ ಹೊಂದುವ ಕಸಿ, ಅದೂ ಹಿಡಿದಿತ್ತು. ಅವನಲ್ಲಿ ಎದ್ದದ್ದು ಅಡಿನೊವೈರಸ್. ಸಾಮಾನ್ಯ ಮಕ್ಕಳಲ್ಲಿ ಕೆಂಗಣ್ಣು, ನೆಗಡಿ, ಭೇದಿ ಬರಿಸಿ ಹೋಗುವ ವೈರಸ್ಸು. ಅವನ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಯಕೃತ್ತಿಗೆ ಹೋಯಿತು. ಅವನ ತಂದೆಗೂ ನನಗೂ ಒಂದೇ ಭಾಷೆ ಇರಲಿಲ್ಲ. ಬೆಳಗ್ಗೆ ವರದಿ ಬಂದಾಗ ನಾವು ಬೆರಳಿನಲ್ಲಿ ಮೇಲೆ ಅಥವಾ ಕೆಳಗೆ ಎಂದು ತೋರಿಸಿಕೊಳ್ಳುತ್ತಿದ್ದೆವು. ಕೊನೆಯ ವಾರ ಅವರು ನನ್ನ ಕಡೆ ನೋಡುವುದನ್ನು ಬಿಟ್ಟರು. ಮಗಳಿಗೆ ಅವನು ಗಾಜಿನಾಚೆಯ ಗೆಳೆಯ, ಕಾರಿನ ಚಿತ್ರ ಬಿಡಿಸಿ ತೋರಿಸುತ್ತಿದ್ದವನು. ‘ಡಿಸ್ಚಾರ್ಜ್ ಆದನಾ?’ ಎಂದು ಕೇಳಿದಳು. ಹೂಂ ಎಂದೆ. ಎಷ್ಟೋ ತಿಂಗಳ ಮೇಲೆ ನಿಜ ಹೇಳಿದಾಗ ‘ನನಗೆ ಗೊತ್ತಿತ್ತು’ ಎಂದಳು.

ನನ್ನ ತಲೆಯಲ್ಲಿ ಆಗ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ನನ್ನ ಮೈಯಲ್ಲೂ ಸಿಎಂವಿ ಇದೆ ಎಂದಾದರೆ ಅದನ್ನು ಅದುಮಿಟ್ಟಿರುವ ಕಣಗಳೂ ನನ್ನಲ್ಲೇ ಇರಬೇಕಲ್ಲ? ಮಜ್ಜೆ ತೆಗೆದುಕೊಂಡ ಹಾಗೆ ಅವನ್ನೂ ತೆಗೆದು ಅವಳಿಗೆ ಕೊಡಬಾರದೇಕೆ? ಅಡಿಕೆ ಬೆಳೆಯುವವನ ತರ್ಕವೆಂದು ನಗುತ್ತಾರೇನೋ ಎಂದುಕೊಂಡು ಸಂಕೋಚದಿಂದಲೇ ಕೇಳಿದೆ. ವೈದ್ಯೆ ನಗಲಿಲ್ಲ. ಅಂಥ ಚಿಕಿತ್ಸೆಯೇ ಇದೆ ಎಂದರು. ದಾನಿಯ ರಕ್ತದಲ್ಲಿ ಆಯಾ ವೈರಸ್ಸನ್ನು ಗುರುತಿಸುವ ಟಿ ಕಣಗಳನ್ನಷ್ಟೇ ಆರಿಸಿ ಅಥವಾ ಪ್ರಯೋಗಾಲಯದಲ್ಲಿ ಬೆಳೆಸಿ ಮಗುವಿಗೆ ಕೊಡುತ್ತಾರೆ. ಬೇರೆ ಯಾರದ್ದೋ ಕಣಗಳನ್ನು ಬೆಳೆಸಿ ಶೈತ್ಯದಲ್ಲಿಟ್ಟು, ಹೊಂದುವ ಮಗುವಿಗೆ ಕೊಡುವುದೂ ಉಂಟು. ಆರಿಸದೆ ಹಾಗೇ ಕೊಟ್ಟರೆ ಮಾತ್ರ ಅವು ವೈರಸ್ಸನ್ನು ಬಿಟ್ಟು ಮಗುವಿನ ಮೈಮೇಲೇ ಬೀಳಬಹುದು. ಆ ಚಿಕಿತ್ಸೆ ನಮಗೆ ಆಗ ಅಲ್ಲಿ ಕೈಗೆಟುಕುವಂತಿರಲಿಲ್ಲ. ತೋಳು ಚಾಚಿಕೊಂಡು ಕೂತಿದ್ದವನು ಅಂಗಿಯ ತೋಳು ಇಳಿಸಿಕೊಂಡೆ.

ಉಳಿದದ್ದು ಒಂದೇ ದಾರಿ: ಹೊಸ ಕಾವಲುಗಾರರ ಕೈ ಬಿಚ್ಚುವುದು. ನನ್ನ ಕಣಗಳು ಮಗಳ ಮೈಯನ್ನು ಕಚ್ಚದಿರಲಿ ಎಂದು ಟ್ಯಾಕ್ರೊಲಿಮಸ್ ಕೊಟ್ಟು ಅವನ್ನು ಕಟ್ಟಿಹಾಕಿದ್ದರು. ಅದನ್ನು ಸ್ವಲ್ಪ ಇಳಿಸಿದರೆ ಅವು ವೈರಸ್ಸಿನ ಕಡೆ ತಿರುಗಿಯಾವು. ಹೆಚ್ಚು ಇಳಿಸಿದರೆ ಮಗಳ ಕಡೆಗೇ ತಿರುಗಿಯಾವು. ಇಷ್ಟೇ ಎಂದು ಹೇಳುವ ತಕ್ಕಡಿ ಯಾರ ಹತ್ತಿರವೂ ಇಲ್ಲ. ಇಳಿಸಿದರು. ಮೂತ್ರದ ಬಣ್ಣ ದಿನದಿಂದ ದಿನಕ್ಕೆ ತಿಳಿಯಾಯಿತು. ನಾನು ಕಿಟಕಿಯ ಬೆಳಕಿಗೆ ಹಿಡಿದು, ಬೆಲ್ಲದ ಪಾಕದ ಹದ ನೋಡುವವನ ಹಾಗೆ ಆ ಬಾಟಲಿಗಳನ್ನು ನೋಡುತ್ತಿದ್ದೆ. ಯುಗಾದಿಯ ದಿನ, ಮಾರ್ಚ್ 22ರಂದು, ಅದು ನೀರಿನ ಹಾಗಿತ್ತು. ಬೇವಿನೆಲೆ ಕೋಣೆಯೊಳಗೆ ತರುವಂತಿಲ್ಲ. ಬೆಲ್ಲವನ್ನು ಕುದಿಸಿ ಒಂದು ಚಮಚ ಕೊಟ್ಟೆವು.

ಅದಾದ ಎರಡನೆಯ ದಿನ ಅಂಗೈ ಅಂಗಾಲು ಕೆಂಪೇರಿ ತುರಿಸತೊಡಗಿದವು. ನನ್ನ ಕಣಗಳು ಮಗಳನ್ನು ಕಚ್ಚಿದ್ದವು. ಸ್ಟೀರಾಯ್ಡ್ ಕೊಟ್ಟರು, ಚರ್ಮ ತಣಿಯಿತು. ಚರ್ಮ ತಣಿದ ಎರಡು ವಾರಕ್ಕೆ ಸಿಎಂವಿ ಮತ್ತೆ ಎದ್ದು 1,800ಕ್ಕೆ ಬಂತು. ಈ ಸಲ ನಾನು ಯಾರೊಂದಿಗೂ ಜಗಳವಾಡಲಿಲ್ಲ. ಬಾಯಿಯಿಂದ ಕೊಡುವ ವ್ಯಾಲ್‌ಗ್ಯಾನ್‌ಸೈಕ್ಲೊವಿರ್ ಬರೆದು, ವಾರಕ್ಕೆರಡು ಸಲ ರಕ್ತ ಪರೀಕ್ಷೆಗೆ ಬರಬೇಕೆಂದು ಹೇಳಿ, ಏಪ್ರಿಲ್ 12ರಂದು ಕಳಿಸಿದರು. ಊರಿಗಲ್ಲ, ಆಸ್ಪತ್ರೆಯಿಂದ ಎರಡು ಕಿಲೋಮೀಟರ್ ದೂರದ ಒಂದು ಬಾಡಿಗೆ ಕೋಣೆಗೆ.

ಒಂದು ಸಲ ಹೊರಗಿನ ಪ್ರಯೋಗಾಲಯವೊಂದಕ್ಕೆ ಕಳಿಸಿದ ಮಾದರಿ ಎಲ್ಲೋ ಉಳಿದುಹೋಗಿ, ಮೂರು ದಿನ ತಡವಾಗಿ, ಅದೂ ಬೇರೆಯವರ ವಯಸ್ಸು ಬರೆದ ಹಾಳೆಯಲ್ಲಿ ವರದಿ ಬಂತು. ಮತ್ತೆ ರಕ್ತ ಕೊಟ್ಟೆವು. ಮೂರು ದಿನವೆಂದರೆ ಹೊರಗಿನವರಿಗೆ ಮೂರು ದಿನ. ಈ ವೈರಸ್ಸು ಒಮ್ಮೆ ಎದ್ದರೆ ಒಂದೆರಡು ದಿನಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅಲ್ಲಿಂದ ಮುಂದೆ ಪ್ರತಿ ಸೀಸೆಯ ಮೇಲಿನ ಹೆಸರನ್ನು ನಾನೇ ಓದಿ ಕೊಡುತ್ತಿದ್ದೆ. ಕೌಂಟರಿನವರು ನನ್ನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು.

ಬಾಡಿಗೆ ಕೋಣೆಯಲ್ಲಿ ಪಾಠ ಉಲ್ಟಾ ಆಯಿತು. ಆಸ್ಪತ್ರೆಯಲ್ಲಿ ಶತ್ರು ಒಳಗಿದ್ದಾನೆಂದು ಕಲಿತಿದ್ದೆ. ಇಲ್ಲಿ ಮತ್ತೆ ಹೊರಗಿನವನ ಸರದಿ. ಕೆಳಗಿನ ಮನೆಯಲ್ಲಿ ಮೂರು ತಿಂಗಳ ಕೂಸಿತ್ತು. ಅದಕ್ಕೆ ಹದಿನಾಲ್ಕನೆಯ ವಾರದ ಲಸಿಕೆ ಹಾಕಿಸಿಕೊಂಡು ಬಂದರೆಂದು ತಿಳಿದು ಸಿಸ್ಟರಿಗೆ ಸುಮ್ಮನೆ ಹೇಳಿದೆ. ಅವರು ಗಂಭೀರರಾದರು. ಪೋಲಿಯೊ ಹನಿಯಲ್ಲಿರುವುದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್ಸು. ಮಗುವಿನ ಮಲದಲ್ಲಿ ಕೆಲವು ವಾರ ಹೊರಬರುತ್ತಿರುತ್ತದೆ. ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ, ನಿಮ್ಮ ಮಗಳು ಆ ಕೂಸನ್ನು ಎತ್ತಿಕೊಳ್ಳುವುದು ಬೇಡ ಎಂದರು. ದೇಶಕ್ಕೆ ಉಪಕಾರ ಮಾಡಿದ ಎರಡು ಹನಿ ನಮ್ಮ ಮಹಡಿಗೆ ಅಪಾಯ! ಮೇ 10ರಂದು ಚುನಾವಣೆಗೆ ಊರಿಗೆ ಹೋಗಿ ಮತ ಹಾಕಿ ಬಂದವನು, ಬಸ್ಸಿನ ಜನಸಂದಣಿ ನೆನೆದು ಎರಡು ದಿನ ಕೋಣೆಯ ಹೊರಗಿನ ವರಾಂಡದಲ್ಲೇ ಮಲಗಿದೆ.

ಅಷ್ಟು ಮಾಡಿದವನಿಗೆ ನನ್ನ ಅಮ್ಮನನ್ನು ತಡೆಯಲಾಗಲಿಲ್ಲ. ಜೂನ್ ಕೊನೆಯಲ್ಲಿ ಬಂದರು. ಆರು ತಿಂಗಳಿಂದ ಮೊಮ್ಮಗಳನ್ನು ಫೋನಿನ ಪರದೆಯಲ್ಲಿ ಮಾತ್ರ ನೋಡಿದವರು. ‘ನೆಗಡಿ, ಕೆಮ್ಮು ಏನಾದರೂ ಇದೆಯೇನಮ್ಮ?’ ಎಂದು ಬಸ್ ನಿಲ್ದಾಣದಲ್ಲೇ ಕೇಳಿದೆ. ‘ಏನಿಲ್ಲವೋ’ ಎಂದರು. ಮಾಸ್ಕ್ ಹಾಕಿಕೊಂಡೇ ಇದ್ದರು, ಕೈ ತೊಳೆದರು, ದೂರವೇ ಕೂತರು. ರಾತ್ರಿ ಸ್ನಾನದ ಮನೆಯಲ್ಲಿ ನೀರಿನ ಸದ್ದಿನ ಮರೆಯಲ್ಲಿ ಕೆಮ್ಮಿದ್ದು ಕೇಳಿಸಿತು. ಬೆಳಗ್ಗೆ ವಿಚಾರಿಸಿದರೆ, ‘ಗಂಟಲಲ್ಲಿ ಸ್ವಲ್ಪ ಕಿರಿಕಿರಿ ಅಷ್ಟೇ. ಹೇಳಿದ್ದರೆ ನೀನು ಬರಬೇಡ ಎನ್ನುತ್ತಿದ್ದೆ’ ಎಂದರು. ಅವರನ್ನು ಬೈಯಬೇಕೆಂದು ಬಾಯಿ ತೆರೆದೆ. ಬೈಯಲಾಗಲಿಲ್ಲ. ಅದೇ ದಿನ ವಾಪಸು ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕದ ಸೀಟು ಕೊಡಿಸಿದೆ, ಅಷ್ಟೇ ನನ್ನಿಂದ ಆದದ್ದು.

ಐದನೆಯ ದಿನ ಮಗಳಿಗೆ ಜ್ವರ, ಉಬ್ಬಸ. ಮೂಗಿನ ದ್ರವ ಪರೀಕ್ಷಿಸಿ ಪ್ಯಾರಾಇನ್‌ಫ್ಲುಯೆಂಜಾ ಎಂದರು. ನಿಮಗೆ ನನಗೆ ಬಂದರೆ ಮೂರು ದಿನದ ಶೀತ. ಇದಕ್ಕೂ ನೇರ ಔಷಧವಿಲ್ಲ. ಎರಡು ಲೀಟರ್ ಆಮ್ಲಜನಕ ಹಾಕಿ ಆರು ದಿನ ಕಾದೆವು. ಪುಪ್ಪುಸದ ಕೆಳಗಿನ ಭಾಗಕ್ಕೆ ಇಳಿಯಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಅದು ಅವರಿಂದಲೇ ಬಂತೆಂದು ಯಾವ ಪರೀಕ್ಷೆಯೂ ಹೇಳಿಲ್ಲ ತಾನೇ?

ಆ ವರ್ಷ ಜೂನಿನಲ್ಲಿ ನಾನು ತೋಟಕ್ಕೆ ಬೋರ್ಡೊ ಹೊಡೆಸಲಿಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೆ. ಅರ್ಧ ಫಸಲು ನೆಲಕ್ಕೆ ಹೋಯಿತು. ಸೊಸೈಟಿಯ ಸಾಲ ಹಾಗೇ ಬೆಳೆಯಿತು. ವೈದ್ಯೆಗೆ ಇದನ್ನು ಹೇಳಿದಾಗ ಅವರಿಗೆ ಆಸಕ್ತಿ ಹುಟ್ಟಿತು. ನಮ್ಮಲ್ಲೂ ಎರಡೂ ಕ್ರಮ ಇವೆ ಎಂದರು. ಸರ್ಪಸುತ್ತು, ಬಾಯಿಹುಣ್ಣಿನ ವೈರಸ್ಸುಗಳಿಗೆ ಅಸೈಕ್ಲೊವಿರನ್ನು ಮೊದಲ ದಿನದಿಂದ ಒಂದು ವರ್ಷ ಕೊಡುತ್ತೇವಲ್ಲ, ಅದು ಬೋರ್ಡೊ. ಸಿಎಂವಿಗೆ ಕಾದು, ಸಂಖ್ಯೆ ಏರಿದ ಕೂಡಲೇ ಬೀಳುತ್ತೇವೆ. ಅದು ನಿಮ್ಮ ಕಾಯಿ ಉದುರಿದ ಮೇಲಿನದಲ್ಲ, ಮೊದಲ ಕಾಯಿಯ ಮೇಲೆ ಮೊದಲ ಚುಕ್ಕೆ ಕಂಡಾಗಿನದು. ಸಿಎಂವಿಗೂ ಮೊದಲೇ ಕೊಡುವ ಔಷಧ ಬಂದಿದೆ ಎಂದು ಲೆಟರ್ಮೊವಿರ್‌ನ ಹೆಸರು ಹೇಳಿದರು. ಅದರ ಬೆಲೆ ಕೇಳಿ ನಾನು ವಿಷಯ ಬದಲಿಸಿದೆ.

ಸಿಎಂವಿಯ ಸಂಖ್ಯೆ ಜುಲೈ ಹೊತ್ತಿಗೆ ‘ಪತ್ತೆಯಾಗಿಲ್ಲ’ ಎಂಬಲ್ಲಿಗೆ ಬಂದು ಹಾಗೆಯೇ ಉಳಿಯಿತು. ಯಾವ ಔಷಧವೂ ಇಲ್ಲದೆ ಉಳಿದದ್ದನ್ನು ನೋಡಿ ವೈದ್ಯೆ ಟಿ ಕಣಗಳನ್ನು ಎಣಿಸಿಸಿದರು; ಸಿಡಿ4 ಎಂಬ ಬಗೆಯವು 200 ದಾಟಿದ್ದವು. ಹೊಸಬರಿಗೆ ಊರು ಪರಿಚಯವಾಗುತ್ತಿತ್ತು. ನಾನು ಪೇಡ ತಿನ್ನಲಿಲ್ಲ. ಇಲ್ಲ ಎಂಬುದಕ್ಕೂ ಪತ್ತೆಯಾಗಿಲ್ಲ ಎಂಬುದಕ್ಕೂ ಇರುವ ವ್ಯತ್ಯಾಸ ಅಷ್ಟರಲ್ಲಿ ನನಗೆ ತಿಳಿದಿತ್ತು.

ಡಿಸೆಂಬರಿನಲ್ಲಿ ಊರಿಗೆ ಬಂದೆವು. ಹಳೆಯ ಕಣಗಳ ಜೊತೆ ಬಾಲ್ಯದ ಲಸಿಕೆಗಳ ನೆನಪೂ ಹೋಗಿರುವುದರಿಂದ ಎಲ್ಲವನ್ನೂ ಮೊದಲಿನಿಂದ ಹಾಕಿಸಬೇಕು. ಸತ್ತ ರೋಗಾಣುವಿನ ಲಸಿಕೆಗಳನ್ನು ಆಸ್ಪತ್ರೆಯಲ್ಲೇ ಶುರು ಮಾಡಿದ್ದರು. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳು ಎರಡು ವರ್ಷ ತುಂಬುವವರೆಗೆ ಬೇಡ.

2024ರ ಮೇ ಕೊನೆಯಲ್ಲಿ, ಕೊನೆಗಾರ ಮರದ ಮೇಲೆ ಬೋರ್ಡೊ ಹೊಡೆಯುತ್ತಿದ್ದಾಗ ಉಪಕೇಂದ್ರದ ಸಿಸ್ಟರ್ ಮನೆಗೆ ಬಂದರು. ದಡಾರದ ಲಸಿಕೆ ತಪ್ಪಿದ ಮಕ್ಕಳ ಪಟ್ಟಿ ಮಾಡುತ್ತಿದ್ದರು. ನಾನು ಕೈಯ ಸುಣ್ಣ ತೊಳೆದುಕೊಂಡು ಆಸ್ಪತ್ರೆಯ ಕಾರ್ಡು ತಂದು ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಾರ್ಡಿನ ಬಹುತೇಕ ಚೌಕಗಳು ಖಾಲಿ. ತುಂಬಿದವೆಲ್ಲ ಇತ್ತೀಚಿನ ತಾರೀಖಿನವು.

‘ಇದು ಕೂಸಿನ ಕಾರ್ಡಲ್ಲವೇ? ಈ ಮಗುವಿಗೆ ವಯಸ್ಸೆಷ್ಟು?’

ನಾನು ಹೇಳುವಷ್ಟರಲ್ಲಿ ಕಟ್ಟೆಯ ಮೇಲೆ ಕೂತು ಪೇರಲೆ ತಿನ್ನುತ್ತಿದ್ದ ಮಗಳೇ ಉತ್ತರಿಸಿದಳು. ‘ನನಗೆ ಎಂಟು. ರಕ್ತಕ್ಕೆ ಹದಿನಾರು ತಿಂಗಳು. ಈಗ ಹಾಕುವ ಹಾಗಿಲ್ಲ, ಜನವರಿಯಲ್ಲಿ ಬನ್ನಿ.’

ಸಿಸ್ಟರ್ ಪುಸ್ತಕದ ಅಂಚಿನಲ್ಲಿ ಜನವರಿ ಎಂದು ಬರೆದುಕೊಂಡರು.